ಹಿಂದೆ ಕೂತವರು

ಓದುಗರ ಪತ್ರ:
"ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಚಾರ್ಲಿ ವಾಟ್ಸ್ ಎಂಬ ಇಂಗ್ಲಿಷ್ ಡ್ರಮ್ಮರ್ ನೆನಪಿಗೆ ಮೂರು ಪುಟ ಕೊಟ್ಟಿದ್ದೀರಿ. ಅವರ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಹೆಸರು ನಾನೂ ಕೇಳಿದ್ದೇನೆ. ಆದರೆ ಈ ಮನುಷ್ಯ ಹಾಡಿದವರಲ್ಲ, ಹಾಡು ಕಟ್ಟಿದವರಲ್ಲ. ಹಿಂದೆ ಕೂತು ಬಾರಿಸಿದರು, ಅಷ್ಟೇ. ನಮ್ಮ ಕಡೆ ದೊಡ್ಡ ಭಾಗವತರೊಬ್ಬರಿಗೆ ಮೂವತ್ತು ವರ್ಷ ಮದ್ದಳೆ ಬಾರಿಸಿದವರು ಹೋದ ವರ್ಷ ತೀರಿಕೊಂಡರು. ಯಾವ ಪತ್ರಿಕೆಯೂ ಒಂದು ಸಾಲು ಬರೆಯಲಿಲ್ಲ. ನಿಮ್ಮದೂ ಸೇರಿ."
– ಒಬ್ಬ ಓದುಗ, ಸಾಗರ

ಸಂಪಾದಕರ ಉತ್ತರ:
ಪತ್ರದ ಕೊನೆಯ ಮೂರು ವಾಕ್ಯಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ. ತಪ್ಪು ನಮ್ಮದೇ, ಒಪ್ಪಿಕೊಂಡೆ. ಆದರೆ "ಹಿಂದೆ ಕೂತು ಬಾರಿಸಿದರು, ಅಷ್ಟೇ" ಅಂದಿರಲ್ಲ, ಆ "ಅಷ್ಟೇ" ಓದಿ ಸುಮ್ನೆ ಇರೋದು ನನ್ನಿಂದಾಗದು. ಇಪ್ಪತ್ತು ವರ್ಷದಿಂದ ಮನೆಯವರೆಲ್ಲ ಕೇಳಿ ಸಾಕಾಗಿರುವ ವಿಷಯ ಇದು. ಈಗ ನಿಮ್ಮ ಸರದಿ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ಟಿಕೆಟ್ ನನ್ನ ಭಾವಮೈದುನನದು. ಅವನಿಗೆ ಜ್ವರ, ನನಗೆ ಅದೃಷ್ಟ. ಗಾಯಕ ಮಿಕ್ ಜಾಗರ್ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರು, ಜನರ ಕತ್ತೂ ಅವರ ಜೊತೆಯೇ ತಿರುಗುತ್ತಿತ್ತು. ನಾನೂ ಎರಡು ಹಾಡು ಹಾಗೇ ನೋಡಿದೆ. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, ಅವನೂ ಡ್ರಮ್ಸ್ ಕಲಿಯುವವನಂತೆ, "ಸಾರ್, ವಾಟ್ಸ್ ಬಲಗೈ ನೋಡಿ" ಅಂದ.

ನೋಡಿದೆ. ಸಾಮಾನ್ಯವಾಗಿ ಡ್ರಮ್ಮರ್‌ಗಳ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯ ಮೇಲೆ ಟಿಕ್ ಟಿಕ್ ಟಿಕ್ ಅಂತ ಬಿಡದೆ ಓಡುತ್ತದೆ. ಎಡಗೈ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಎಂಬ ಡ್ರಮ್ ಮೇಲೆ ಬೀಳುತ್ತದೆ. ಎರಡೂ ಒಟ್ಟಿಗೆ ಬೀಳಬೇಕು, ಅದು ವಾಡಿಕೆ. ವಾಟ್ಸ್ ಏನು ಮಾಡುತ್ತಿದ್ದರು ಗೊತ್ತಾ? ಎಡಗೈ ಬೀಳುವ ಆ ಕ್ಷಣಕ್ಕೆ ಬಲಗೈಯನ್ನು ತಟ್ಟೆಯಿಂದ ಮೇಲೆತ್ತಿ ಸುಮ್ಮನಿರಿಸುತ್ತಿದ್ದರು. ಆ ಪೆಟ್ಟಿಗೆ ಬೇರೆ ಯಾವ ಸದ್ದೂ ಅಡ್ಡ ಬರುವುದಿಲ್ಲ. ಒಂದೇ ಏಟು, ಸುತ್ತ ಚೂರು ಜಾಗ. ಸ್ಟೋನ್ಸ್ ಹಾಡಿಗೆ ನಿಮಗೆ ಗೊತ್ತಿಲ್ಲದೆ ಕಾಲು ಅಲ್ಲಾಡುತ್ತದಲ್ಲ, ಅದು ಈ ಎತ್ತಿದ ಕೈಯ ಕೆಲಸ. ಬಾರಿಸಿದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ.

ಇನ್ನೊಂದು ವಿಷಯ. ಬ್ಯಾಂಡಿನಲ್ಲಿ ಎಲ್ಲರೂ ಡ್ರಮ್ಮರ್‌ನ ಹಿಂದೆ ಹೋಗುತ್ತಾರೆ. ವಾಟ್ಸ್ ಕಿವಿ ಮಾತ್ರ ಕೀತ್ ರಿಚರ್ಡ್ಸ್ ಗಿಟಾರ್ ಕಡೆಗೆ. ಅವರು ಎಲ್ಲಿಗೆ ಎಳೆದರೆ ಇವರು ಅಲ್ಲಿಗೆ, ಒಂದು ಕೂದಲೆಳೆಯಷ್ಟು ಹಿಂದೆ. ಭಾಗವತರ ಉಸಿರು ನೋಡಿ ಮದ್ದಳೆ ನುಡಿಸುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ?

ವಾಟ್ಸ್ ತಂದೆ ರೈಲ್ವೆ ಕಂಪನಿಯ ಲಾರಿ ಚಾಲಕ. ಹುಡುಗನಾಗಿದ್ದಾಗ ಚಾರ್ಲಿ ಬ್ಯಾಂಜೊ ಎಂಬ ತಂತಿವಾದ್ಯ ಕೊಂಡರು, ಬೆರಳು ಕೂರಲಿಲ್ಲ. ಅದರ ಕತ್ತು ಕಿತ್ತು ಬುರುಡೆಯನ್ನೇ ಡ್ರಮ್ ಮಾಡಿಕೊಂಡರು. ಕಲಾಶಾಲೆಯಲ್ಲಿ ಓದಿ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವರು 1963ರ ಜನವರಿಯಲ್ಲಿ ಸ್ಟೋನ್ಸ್ ಸೇರಿದರು. ಮನಸ್ಸೆಲ್ಲ ಜಾಝ್ ಮೇಲೆ, ಅನ್ನ ರಾಕ್‌ನದು. 1964ರಲ್ಲಿ ಮದುವೆ, ಕೊನೆಯವರೆಗೆ ಒಬ್ಬಳೇ ಹೆಂಡತಿ. ರಾಕ್ ಲೋಕದಲ್ಲಿ ಇದು ಸಣ್ಣ ಮಾತಲ್ಲ. ಡ್ರೈವಿಂಗ್ ಬಾರದಿದ್ದರೂ ಹಳೆ ಕಾರುಗಳನ್ನು ಕೊಂಡಿಡುತ್ತಿದ್ದರು. ಪ್ರವಾಸದಲ್ಲಿ ಮಲಗಿದ ಪ್ರತಿ ಹೋಟೆಲಿನ ಹಾಸಿಗೆಯ ಚಿತ್ರ ಬರೆದಿಟ್ಟುಕೊಳ್ಳುತ್ತಿದ್ದರು, 1967ರ ಹೊತ್ತಿನಿಂದ! ಬ್ಯಾಂಡಿಗೆ 25 ವರ್ಷವಾದಾಗ, ಐದು ವರ್ಷ ಕೆಲಸ, ಇಪ್ಪತ್ತು ವರ್ಷ ಸುಮ್ಮನೆ ಕಾಯುತ್ತಾ ಕೂತದ್ದು ಎಂದರಂತೆ. 2021ರ ಆಗಸ್ಟ್ 24ರಂದು ಲಂಡನ್ನಿನಲ್ಲಿ, 80ನೆಯ ವಯಸ್ಸಿನಲ್ಲಿ ಹೋದರು.

ಡ್ರಮ್ ಸೋಲೋ ಅಂದರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಛೇರಿಯಲ್ಲಿ ಮೃದಂಗದವರಿಗೆ, ಹಾಡು ನಿಲ್ಲಿಸಿ ತಾಳವಾದ್ಯಕ್ಕೇ ಬಿಟ್ಟುಕೊಡುವ ತನಿ ಆವರ್ತನವಾದರೂ ಇದೆ. ಅದರ ಕತೆಯೂ ನಿಮಗೆ ಗೊತ್ತು. ತನಿ ಶುರುವಾಯಿತು ಅಂದರೆ ಅರ್ಧ ಸಭೆ ಕಾಫಿಗೆ ಎದ್ದಿತು ಅಂತ ಲೆಕ್ಕ. ನಾನೂ ಎದ್ದವನೇ. ಒಮ್ಮೆ ಹಾಗೆ ಎದ್ದು ಬಾಗಿಲ ಹತ್ತಿರ ಹೋಗಿ ಹಿಂತಿರುಗಿ ನೋಡಿದರೆ, ಮೃದಂಗದವರು ನನ್ನನ್ನೇ ನೋಡುತ್ತಿದ್ದರು. ಕೈ ಮಾತ್ರ ನಿಂತಿರಲಿಲ್ಲ. ಆ ಕಾಫಿ ಇನ್ನೂ ಗಂಟಲಲ್ಲಿದೆ.

ಇದೇ ಬೆಂಗಳೂರು ಪಿಟೀಲು ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿಸಿದ ಊರು. ಎಷ್ಟೋ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು ಅವರು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಅಂಥ ಸಭಾಂಗಣ ಇಟ್ಟುಕೊಂಡೂ ನಾವು ಆಮಂತ್ರಣದಲ್ಲಿ ಪಕ್ಕವಾದ್ಯದವರ ಹೆಸರನ್ನು ಇರುವೆ ಗಾತ್ರಕ್ಕೆ ಅಚ್ಚು ಹಾಕುತ್ತೇವೆ. ಟೀವಿ ಹಾಡಿನ ಸ್ಪರ್ಧೆಯಲ್ಲಿ ಹಾಡಿದ ಮಗುವಿಗೆ ಚಪ್ಪಾಳೆ, ತಬಲದವರದು ಬೆನ್ನು ಮಾತ್ರ ಕಾಣುತ್ತದೆ. ಮೈಕಿನವರ ನೆನಪಾಗುವುದು ಅದು ಕುಯ್ ಅಂದಾಗ. ಅಷ್ಟೇಕೆ, ನಮ್ಮಲ್ಲಿ ಕರಡು ತಿದ್ದುವವರ ಹೆಸರು ಈ ಪತ್ರಿಕೆಯಲ್ಲಿ ಎಂದಾದರೂ ನೋಡಿದ್ದೀರಾ? (ಈ ಸಾಲನ್ನು ಅವರು ಕತ್ತರಿಸಬಾರದು ಅಂತ ಹೇಳಿಟ್ಟಿದ್ದೇನೆ.)

ವಾಟ್ಸ್ ಹೋದ ಮುಂದಿನ ತಿಂಗಳೇ ಸ್ಟೋನ್ಸ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರವಾಸ ಶುರು ಮಾಡಿದರು. ಡ್ರಮ್ಸಿಗೆ ಸ್ಟೀವ್ ಜಾರ್ಡನ್. ಆದರೆ ಮೊದಲಿಗೆ ವೇದಿಕೆ ಖಾಲಿ. ಡ್ರಮ್ಮಿನ ಸದ್ದು ಮಾತ್ರ, ಪರದೆ ಮೇಲೆ ವಾಟ್ಸ್ ಚಿತ್ರಗಳು. ಅಷ್ಟು ವರ್ಷದಲ್ಲಿ ಹಿಂದೆ ಕೂತವರು ಮುಂದೆ ಬಂದದ್ದು ಹಾಗೆ.

ಈಗ ನಿಮ್ಮ ವಿಷಯ. ಪತ್ರ ಚೆನ್ನಾಗಿ ಬರೆಯುತ್ತೀರಿ, ಸಿಟ್ಟಿನಲ್ಲಿ ಪ್ರೀತಿ ಇದೆ. ಆದರೆ ಮೂರು ಸಲ ಓದಿದೆ. ಭಾಗವತರ ಹೆಸರನ್ನು ಬಿರುದು ಸಮೇತ ಬರೆದಿದ್ದೀರಿ, ಜಾಗ ಸಾಲದೆ ನಾವದನ್ನು ತೆಗೆದೆವು. ಮದ್ದಳೆಯವರ ಹೆಸರು ಮಾತ್ರ ನಿಮ್ಮ ಪತ್ರದಲ್ಲೂ ಇಲ್ಲ. ಅದನ್ನು ಬರೆದು ಕಳಿಸಿ, ಒಂದು ಫೋಟೋ ಸಿಕ್ಕರೆ ಅದೂ ಇರಲಿ. ಮುಂದಿನ ಸಂಚಿಕೆಯಲ್ಲಿ ಮೂರು ಪುಟ ಖಾಲಿ ಇಟ್ಟಿದ್ದೇನೆ.