ಪೂರ್ಣ ಅಂಕ ಬಂದರೂ ಲೇಖನ ಸಿಗಲಿಲ್ಲವೇಕೆ?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಗ್ರಂಥಾಲಯದ ಆಕರಗಳನ್ನು ಹುಡುಕುವ ಬಗೆಯನ್ನು ಕಲಿಸುವ ಆನ್‌ಲೈನ್ ಕೋರ್ಸನ್ನು ಪೂರ್ಣ ಅಂಕಗಳೊಂದಿಗೆ ಮುಗಿಸಿದೆ. ಆದರೆ ‘ಯುವಜನರ ನಿದ್ರೆಯ ಮೇಲೆ ಮೊಬೈಲ್ ಬಳಕೆಯ ಪರಿಣಾಮ’ ಎಂಬ ಸೆಮಿನಾರ್ ಪ್ರಬಂಧಕ್ಕಾಗಿ ಡೇಟಾಬೇಸಿನಲ್ಲಿ ಹುಡುಕಿದಾಗ ಉಪಯುಕ್ತವಾದ ಒಂದು ಲೇಖನವೂ ಸಿಗಲಿಲ್ಲ. ಇಂತಹ ಕೋರ್ಸುಗಳಿಂದ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಆದರೆ ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಅಭ್ಯಾಸವೇ ಬೇರೆ, ಖಾಲಿ ಹುಡುಕುಪೆಟ್ಟಿಗೆಯಲ್ಲಿ ಯಾವ ಪದ ಬರೆಯಬೇಕೆಂದು ತೀರ್ಮಾನಿಸುವ ಅಭ್ಯಾಸವೇ ಬೇರೆ. ಆದ್ದರಿಂದ ಕೋರ್ಸಿನ ಪಾಠಗಳನ್ನು ಈಗ ನಿಮ್ಮದೇ ವಿಷಯವನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ನೋಡಿ.

ನೀವು ಬಹುಶಃ ಶೀರ್ಷಿಕೆಯನ್ನು ಇಡಿಯಾಗಿ ಬರೆದು ಹುಡುಕಿರಬೇಕು. ಅನೇಕ ಡೇಟಾಬೇಸುಗಳು ಬರೆದ ಎಲ್ಲ ಪದಗಳೂ ಇರುವ ದಾಖಲೆಗಳನ್ನು ಮಾತ್ರ ತೋರಿಸುವುದರಿಂದ, ವಾಕ್ಯ ಉದ್ದವಾದಷ್ಟೂ ಫಲಿತಾಂಶ ಕಡಿಮೆಯಾಗುತ್ತದೆ. ನಿಮ್ಮ ವಿಷಯದಲ್ಲಿರುವುದು ಯುವಜನರು, ನಿದ್ರೆ, ಮೊಬೈಲ್ ಎಂಬ ಮೂರು ಪರಿಕಲ್ಪನೆಗಳು. ‘ಪರಿಣಾಮ’ ಎಂಬ ಪದವನ್ನು ಬಿಟ್ಟುಬಿಡಬಹುದು. ಪ್ರತಿಯೊಂದಕ್ಕೂ ಸಮಾನಾರ್ಥಕ ಪದಗಳನ್ನು ಪಟ್ಟಿ ಮಾಡಿ, ಅವುಗಳನ್ನು ‘ಆರ್’ (OR, ಯಾವುದಾದರೂ ಒಂದಿದ್ದರೆ ಸಾಕು) ಎಂಬ ಪದದಿಂದ ಜೋಡಿಸಿ ಆವರಣ ಚಿಹ್ನೆಯೊಳಗಿಡಿ. ಆ ಮೂರು ಗುಂಪುಗಳನ್ನು ‘ಆ್ಯಂಡ್’ (AND, ಎಲ್ಲವೂ ಇರಬೇಕು) ಪದದಿಂದ ಬೆಸೆಯಿರಿ. ಗಣಿತಜ್ಞ ಜಾರ್ಜ್ ಬೂಲ್ 19ನೇ ಶತಮಾನದಲ್ಲಿ ರೂಪಿಸಿದ ತರ್ಕವೇ ಇದರ ಬುನಾದಿ. ‘ನಾಟ್’ (NOT, ಇದು ಬೇಡ) ಪದವನ್ನು ಮಾತ್ರ ಅಳೆದು ಬಳಸಬೇಕೆಂಬುದು ನನ್ನ ಸಲಹೆ: ಬೇಡವೆಂದ ಪದ ಒಮ್ಮೆ ಬಂದಿದ್ದರೂ ಸಾಕು, ಒಳ್ಳೆಯ ಲೇಖನವೂ ಕಣ್ಮರೆಯಾಗುತ್ತದೆ.

ಸೂಕ್ತವಾದ ಒಂದೇ ಒಂದು ಲೇಖನ ಸಿಕ್ಕರೂ ಅದನ್ನು ಬಿಡಬೇಡಿ. ಅದಕ್ಕೆ ಡೇಟಾಬೇಸಿನವರು ಕೊಟ್ಟಿರುವ ವಿಷಯ ಶೀರ್ಷಿಕೆಗಳನ್ನು ಗಮನಿಸಿ. ನೀವು ಊಹಿಸದೇ ಇದ್ದ ಪಾರಿಭಾಷಿಕ ಪದಗಳು ಅಲ್ಲಿರುತ್ತವೆ. ಅದರ ಆಕರಪಟ್ಟಿ ಹಿಂದಿನ ಸಂಶೋಧನೆಗಳನ್ನು ತೋರಿಸಿದರೆ, ಅದನ್ನು ಉಲ್ಲೇಖಿಸಿದ ಲೇಖನಗಳ ಪಟ್ಟಿ ಮುಂದಿನವನ್ನು ತೋರಿಸುತ್ತದೆ. ಈ ಎರಡನೆಯ ದಾರಿಯನ್ನು ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ, ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ವಿಜ್ಞಾನ ಉಲ್ಲೇಖ ಸೂಚಿ (ಸೈನ್ಸ್ ಸೈಟೇಶನ್ ಇಂಡೆಕ್ಸ್) ಸುಗಮಗೊಳಿಸಿತು. ಇಂದು ಅದು ಒಂದು ಕ್ಲಿಕ್‌ನಷ್ಟು ಹತ್ತಿರದಲ್ಲಿದೆ. ಹುಡುಕಿದ ಪದಗಳನ್ನೂ ಬಂದ ಫಲಿತಾಂಶಗಳ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಎಲ್ಲಿಯಾದರೂ ತೊಡಕಾದರೆ ಗ್ರಂಥಪಾಲಕರಿಗೆ ಅದನ್ನೇ ತೋರಿಸಿ. ‘ಏನೂ ಸಿಗುತ್ತಿಲ್ಲ’ ಎಂಬ ಮಾತಿಗಿಂತ ಆ ಪುಟ ಅವರಿಗೆ ಹೆಚ್ಚು ತಿಳಿಸುತ್ತದೆ.

ಪ್ರಶ್ನೆ: ನಾನು ಕಾಲೇಜು ಗ್ರಂಥಪಾಲಕ. ಇಂತಹ ಕೋರ್ಸನ್ನು ಪ್ರವೇಶದ ಮೊದಲ ವಾರದಲ್ಲೇ ನೀಡುವುದು ಸರಿಯೇ?

ಉತ್ತರ: ಲಾಗಿನ್ ಆಗುವ ಕ್ರಮ, ಪುಸ್ತಕ ಕಾಯ್ದಿರಿಸುವ ವಿಧಾನಗಳಿಗೆ ಮೊದಲ ವಾರ ಸರಿ. ಹುಡುಕಾಟದ ಪಾಠಗಳನ್ನು ಮಾತ್ರ ಅಧ್ಯಾಪಕರು ಪ್ರಬಂಧದ ವಿಷಯ ಕೊಟ್ಟ ವಾರಕ್ಕೆ ಕಾಯ್ದಿಡಿ. ಸ್ವಂತ ಪ್ರಶ್ನೆಯಿಲ್ಲದವರಿಗೆ ಅವು ನೆನಪಿನಲ್ಲಿ ಉಳಿಯುವುದಿಲ್ಲ. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವು ಮಾಹಿತಿಯನ್ನು ಹುಡುಕಿ ಬಳಸುವ ಸಾಮರ್ಥ್ಯಕ್ಕಾಗಿ 2000ದಲ್ಲಿ ರೂಪಿಸಿದ್ದ ಮಾನದಂಡಗಳನ್ನು ಕೈಬಿಟ್ಟು, 2016ರಲ್ಲಿ ಆರು ಪರಿಕಲ್ಪನೆಗಳ ಚೌಕಟ್ಟನ್ನು ಅಂಗೀಕರಿಸಿತು. ಸಂಶೋಧನೆಯನ್ನು ಪ್ರಶ್ನಿಸುವ ಕ್ರಿಯೆಯಾಗಿ, ಹುಡುಕಾಟವನ್ನು ಯೋಜಿತ ಅನ್ವೇಷಣೆಯಾಗಿ ಕಾಣುವ ದೃಷ್ಟಿ ಅದರಲ್ಲಿದೆ. ಆದ್ದರಿಂದ ಬಹು ಆಯ್ಕೆಯ ಪ್ರಶ್ನೆಗಳ ಅಂಕಗಳನ್ನು ತಗ್ಗಿಸಿ, ವಿದ್ಯಾರ್ಥಿ ತನ್ನ ಹುಡುಕಾಟವನ್ನು ಎಲ್ಲಿ, ಏಕೆ ಬದಲಿಸಿದನೆಂದು ಬರೆದ ಟಿಪ್ಪಣಿಗೆ ಹೆಚ್ಚು ಅಂಕ ಕೊಡಿ.