ನಡೆಯದ ಯುದ್ಧಕ್ಕೂ ಸಾಕ್ಷಿ ಬೇಕು

ಪ್ರಿಯ ಓದುಗರೇ,

ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ನಡೆಸುವ ಯುದ್ಧವನ್ನು ನಿಜವಾಗಿ ನಡೆದದ್ದು ಎಂಬಂತೆ ಅಳೆದು ತೂಗಿದ ನಮ್ಮ ಲೇಖನಕ್ಕೆ ನೀವು ಚೆನ್ನಾಗಿಯೇ ಚುಚ್ಚಿದ್ದೀರಿ. 'ಮಂಗಳದವರು ಸತ್ತದ್ದು ಬ್ಯಾಕ್ಟೀರಿಯಾದಿಂದ. ಫಿರಂಗಿಗಳ ಲೆಕ್ಕ ಹಾಕುತ್ತಾ ಕೂರುವುದು ಸುಮ್ನೆ ಕಾಲಹರಣ ಅಲ್ವಾ?' ಎಂದು ಕೇಳಿದ್ದೀರಿ.

ಅಲ್ಲ. 1520ರಲ್ಲಿ ಮೆಕ್ಸಿಕೋದ ಅಜ್ಟೆಕರ ರಾಜಧಾನಿಗೆ ಸಿಡುಬು ನುಗ್ಗಿತು, ಮರುವರ್ಷ ನಗರ ಸ್ಪೇನಿನವರ ಕೈಸೇರಿತು. ಹಾಗಂತ ಇತಿಹಾಸಕಾರರು 'ಸಿಡುಬು' ಎಂದಷ್ಟೇ ಬರೆದು ಕೈತೊಳೆದುಕೊಂಡಿಲ್ಲ. ಸ್ಪೇನಿನ ದಂಡನಾಯಕ ಕೊರ್ಟೆಸ್ ಜೊತೆಗಿದ್ದ, ಅಜ್ಟೆಕರ ವೈರಿಗಳಾದ ಟ್ಲಾಸ್ಕಾಲಾದ ಯೋಧರು, ನಗರದ ಸುತ್ತಲಿನ ಸರೋವರಕ್ಕೆ ಇಳಿಸಿದ ಹಡಗುಗಳು, ಎಲ್ಲವನ್ನೂ ಕೆದಕಿದ್ದಾರೆ.

ಕಾದಂಬರಿಯಲ್ಲಿ ಲಂಡನ್ ಹತ್ತಿರದ ವೇಬ್ರಿಡ್ಜ್ ಊರಿನ ಕಾಳಗ ನೋಡಿ. ಮರೆಯಲ್ಲಿದ್ದ ಫಿರಂಗಿಯ ಗುಂಡು ನೇರ ಮಂಗಳದವನಿಗೇ ಬಡಿಯುತ್ತದೆ. ನಡೆಸುವವನಿಲ್ಲದ ಮೂರು ಕಾಲಿನ ಯಂತ್ರ ಚರ್ಚಿನ ಗೋಪುರಕ್ಕೆ ಗುದ್ದಿ ಹೊಳೆಗೆ ಉರುಳುತ್ತದೆ. ಉಳಿದವರು ಹಿಂದೆ ಸರಿಯುತ್ತಾರೆ. ಅದೇ ದಿನ ಸಂಜೆ ಮತ್ತೆ ಬಂದಾಗ ಅವರ ಕೈಯಲ್ಲಿ ಕಪ್ಪು ಕೊಳವೆಗಳು! ಫಿರಂಗಿ ಅಡಗಿರಬಹುದಾದ ಗುಡ್ಡ, ತೋಪುಗಳ ಮೇಲೆಲ್ಲ ಮೊದಲು ವಿಷದ ಹೊಗೆ ಬಿಡುತ್ತಾರೆ. ಮಂಗಳದವರ ಸುಡುವ ಕಿರಣದ ಶಾಖ ಎಷ್ಟು ಡಿಗ್ರಿ ಎಂಬ ಜಗಳ ನನಗೆ ಬೇಡ. ಏಟು ತಿಂದ ಸೈನ್ಯ ಸಂಜೆಯೊಳಗೆ ಪಟ್ಟು ಬದಲಿಸಿತಲ್ಲ, ಯುದ್ಧದ ಇತಿಹಾಸ ಬರೆಯುವವರು ಹುಡುಕುವುದು ಇದನ್ನೇ.

ಇನ್ನು ಸಾಕ್ಷಿಯ ವಿಷಯ. ಥಂಡರ್ ಚೈಲ್ಡ್ ಎಂಬ ಯುದ್ಧನೌಕೆ ಎರಡು ಯಂತ್ರಗಳನ್ನು ಕೆಡವಿತು ಎಂದು ಅಭಿಮಾನಿಗಳು ಎದೆತಟ್ಟಿ ಹೇಳುತ್ತಾರೆ. ಆದರೆ ಕಥೆ ಹೇಳುವವನು ಅಲ್ಲಿರಲೇ ಇಲ್ಲ. ನೋಡಿದ್ದು ಅವನ ತಮ್ಮ, ಅದೂ ಜೀವ ಉಳಿಸಿಕೊಳ್ಳಲು ಹೊರಟವರು ಕಿಕ್ಕಿರಿದ ಸ್ಟೀಮರಿನಿಂದ. ಅಷ್ಟರಲ್ಲಿ ಸಮುದ್ರದ ಮೇಲೆ ಆವಿ ಕವಿದುಬಿಡುತ್ತದೆ. ಅದು ಸರಿಯುವಾಗ ಹಡಗೂ ಇಲ್ಲ, ಮೂರನೆಯ ಯಂತ್ರವೂ ಕಾಣುವುದಿಲ್ಲ. ಆ ಯಂತ್ರ ಮುಳುಗಿತೋ, ದಡಕ್ಕೆ ಹೋಯಿತೋ? ನಮ್ಮ ಲೇಖಕರು 'ಎರಡು ಖಚಿತ, ಮೂರನೆಯದು ಗೊತ್ತಿಲ್ಲ' ಎಂದು ಬರೆದದ್ದನ್ನು ನೀವು ಜಿಪುಣತನ ಎಂದಿರಿ. ನಾನಂತೂ ಅವರ ಪರ. ಸೋತು ಓಡುವವರು ಹೇಳುವ ಗೆಲುವಿನ ಲೆಕ್ಕವನ್ನು ಸ್ವಲ್ಪ ಜಾಸ್ತಿಯೇ ಪರೀಕ್ಷಿಸಬೇಕು.

ಬ್ಯಾಕ್ಟೀರಿಯಾವೇ ಎಲ್ಲಕ್ಕೂ ಉತ್ತರ ಎನ್ನುವ ನಿಮಗೆ ಒಂದು ಮರುಪ್ರಶ್ನೆ. ಮಂಗಳದಿಂದ ಹತ್ತು ರಾತ್ರಿ, ತಮ್ಮವರನ್ನು ಹೊತ್ತ ಹತ್ತು ಸಿಲಿಂಡರ್ ಹಾರಿಸಿದರು, ಆಮೇಲೆ ನಿಲ್ಲಿಸಿಬಿಟ್ಟರು. ಆಗಿನ್ನೂ ಮೊದಲನೆಯದೇ ಭೂಮಿ ಮುಟ್ಟಿರಲಿಲ್ಲ, ಯಾರಿಗೂ ರೋಗ ತಗುಲಿರಲಿಲ್ಲ. ಹಾಗಾದರೆ ಹನ್ನೊಂದನೆಯದು ಯಾಕೆ ಬರಲಿಲ್ಲ? ನಿಮ್ಮ ಊಹೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.