ಎಂಆರ್‌ಐ ನಾರ್ಮಲ್, ಆದರೂ ಮಗಳಿಗೆ ಮೈಯೆಲ್ಲಾ ನೋವು. ಇದು ನಿಜವಾದ ನೋವಾ, ಮನಸ್ಸಿನದಾ? ನೋವು ಇಳಿಯುವವರೆಗೆ ಶಾಲೆ ಬಿಡಿಸಲಾ?

ಮಗಳಿಗೆ 14 ವರ್ಷ, ವೈದ್ಯರು ಹೇಳಿದ್ದು ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲಾ ಬಹಳ ಕಾಲ ನೋಯುವ ಕಾಯಿಲೆ, ರಿಪೋರ್ಟುಗಳು ಮಾತ್ರ ನಾರ್ಮಲ್. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಹಾಗಾಗಿ ನೇರವಾಗಿ ಹೇಳುತ್ತೇನೆ. ನಿಜವಾ, ಮನಸ್ಸಿನದಾ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ನೋವು ನೂರಕ್ಕೆ ನೂರು ನಿಜ. ಎಂಆರ್‌ಐಯಲ್ಲಿ ಕಾಣುವುದು ಅಂಗಗಳ ರಚನೆ. ನೋವಿನ ಸಂಕೇತವನ್ನು ನರಮಂಡಲ ಹೇಗೆ ನಿಭಾಯಿಸುತ್ತಿದೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ.

ತೊಂದರೆ ಇರುವುದು ಅಲ್ಲೇ. ಕೈಯ ಒಂದೇ ಜಾಗಕ್ಕೆ ಮೊನಚು ತುದಿಯನ್ನು ಸೆಕೆಂಡಿಗೊಮ್ಮೆಯಂತೆ ಹತ್ತು ಸಲ ಒತ್ತಿದರೆ, ಒತ್ತಡ ಅಷ್ಟೇ ಇದ್ದರೂ ಹತ್ತನೆಯದು ಮೊದಲಿನದಕ್ಕಿಂತ ತುಸು ಹೆಚ್ಚು ನೋಯುತ್ತದೆ. ಫೈಬ್ರೊಮಯಾಲ್ಜಿಯಾ ಇರುವ ಅನೇಕರಲ್ಲಿ ಈ ಏರಿಕೆ ಬಹಳ ಜೋರು. ಬೆನ್ನುಹುರಿಯ ನರಕೋಶಗಳು ಸಂಕೇತವನ್ನು ಹಿಗ್ಗಿಸಿ ಮೇಲಕ್ಕೆ ಕಳಿಸುತ್ತವೆ. ಮಿದುಳಿನಿಂದ ಕೆಳಗಿಳಿದು ಅದನ್ನು ತಡೆಯಬೇಕಾದ ನರಮಾರ್ಗ ಸರಿಯಾಗಿ ತಡೆಯುವುದಿಲ್ಲ. ಇನ್ಸುಲಾ, ಸಿಂಗ್ಯುಲೇಟ್ ಎಂಬ ಮಿದುಳಿನ ಭಾಗಗಳಿಗೆ ನೋವಿನ ಜೊತೆ ಭಯ, ಗಮನಗಳ ಕೆಲಸವೂ ಇದೆ. ಅದಕ್ಕೇ ನಿದ್ದೆಗೆಟ್ಟ ರಾತ್ರಿ, ಪರೀಕ್ಷೆಯ ಆತಂಕ ಎರಡೂ ನೋವನ್ನು ಏರಿಸುತ್ತವೆ. ಇಂಥ ನೋವಿಗೆ ‘ನೋಸಿಪ್ಲಾಸ್ಟಿಕ್’ ಎಂಬ ಪ್ರತ್ಯೇಕ ಹೆಸರೇ ಇದೆ.

ಇನ್ನು ಶಾಲೆ. ದಯವಿಟ್ಟು ಬಿಡಿಸಬೇಡಿ. ಇಲ್ಲಿ ಮೊದಲು ಓಡಾಟ, ನಿದ್ದೆ, ಶಾಲೆ ದಾರಿಗೆ ಬರುತ್ತವೆ, ನೋವು ಇಳಿಯುವುದು ಆಮೇಲೆ. ಅಮೆರಿಕದಲ್ಲಿ ಇದೇ ಕಾಯಿಲೆಯ 11ರಿಂದ 18 ವರ್ಷದ 114 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಅರಿವು-ವರ್ತನೆ ಚಿಕಿತ್ಸೆಯಿಂದ (ಸಿಬಿಟಿ) ದಿನನಿತ್ಯದ ಅಡಚಣೆ ಚೆನ್ನಾಗಿ ತಗ್ಗಿತು. ನೋವು ಇಳಿದದ್ದು ಸ್ವಲ್ಪವೇ.

ಬಹಳ ಮನೆಗಳಲ್ಲಿ ಕೈಕೊಡುವುದು ನೋವು ಜಾಸ್ತಿಯಾದ ದಿನವಲ್ಲ, ಹಗುರವಾದ ದಿನ. ಭಾನುವಾರ ಚೆನ್ನಾಗಿದ್ದಾಳೆಂದು ಬಾಕಿ ನೋಟ್ಸು, ಮದುವೆ ಮನೆ, ಆಟ ಎಲ್ಲ ಒಟ್ಟಿಗೆ ಮುಗಿಸುತ್ತಾರೆ. ಸೋಮವಾರ, ಮಂಗಳವಾರ ಹಾಸಿಗೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ‘ಓಡಾಡಿದರೆ ನೋವು’ ಎಂಬ ಪಾಠ ಮಿದುಳಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದಿನ ಸಲ ಅದಕ್ಕಿಂತ ಕಡಿಮೆ ಶ್ರಮಕ್ಕೇ ಮಲಗುವಂತಾಗುತ್ತದೆ.

ಆದ್ದರಿಂದ ಕಷ್ಟದ ದಿನವೂ ಅವಳು ಎಷ್ಟು ಹೊತ್ತು ನಡೆಯಬಲ್ಲಳು ನೋಡಿ. ಹತ್ತು ನಿಮಿಷವಾದರೆ ಎಂಟಕ್ಕೆ ಶುರುಮಾಡಿ. ನೋವಿದ್ದರೂ ಎಂಟು, ಇಲ್ಲದಿದ್ದರೂ ಎಂಟೇ. ಆಮೇಲೆ ವಾರಕ್ಕೆ ಒಂದು ನಿಮಿಷ ಸೇರಿಸಿ. ನಿಧಾನ ಅನ್ನಿಸುತ್ತದೆ, ಆದರೂ ಅವಸರ ಬೇಡ. ಏಳುವ ಹೊತ್ತು ರಜೆಯಲ್ಲೂ ಬದಲಾಗಬಾರದು. ‘ಈಗ ಎಷ್ಟು ನೋವು?’ ಎಂದು ಗಂಟೆಗೊಮ್ಮೆ ಕೇಳಬೇಡಿ, ಗಮನವೆಲ್ಲ ಅಲ್ಲಿಗೇ ಹೋಗುತ್ತದೆ.

ಮಾತ್ರೆಯೊಂದನ್ನೇ ನಂಬಬೇಡಿ. ಈ ಕಾಯಿಲೆಯ 12ರಿಂದ 17 ವರ್ಷದವರಲ್ಲಿ ಪ್ರೆಗಾಬಲಿನ್ ಎಂಬ ನರನೋವಿನ ಔಷಧದ 15 ವಾರಗಳ ಪ್ರಯೋಗದಲ್ಲಿ ಮುಖ್ಯ ಅಳತೆಯಾದ ನೋವಿನ ಅಂಕದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಈಗಾಗಲೇ ಕೊಟ್ಟಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಕೀಲು ಊದಿದರೆ, ಜ್ವರ ಬಂದರೆ, ತೂಕ ಇಳಿದರೆ, ಕೈಕಾಲು ಶಕ್ತಿ ಕಳೆದುಕೊಂಡರೆ ತಡಮಾಡದೆ ಮತ್ತೆ ತೋರಿಸಿ. ಆಗ ಬೇರೆ ಕಾಯಿಲೆ ಹುಡುಕಬೇಕು.

ಶಾಲೆಗೆ ಈ ವಾರವೇ ಹೋಗಿ ಮಾತಾಡಿ. ಮೊದಲು ಮೂರು ಪೀರಿಯಡ್, ವಾರಕ್ಕೊಂದು ಹೆಚ್ಚು, ನಡುವೆ ಎದ್ದು ಓಡಾಡಲು ಅನುಮತಿ, ಬ್ಯಾಗು ಹೊರುವುದು ತಪ್ಪಲು ಪುಸ್ತಕಗಳ ಇನ್ನೊಂದು ಸೆಟ್ ತರಗತಿಯಲ್ಲೇ.